ಚಳಿಗಾಲದ ಹೊಗೆ: ಈ ಸಲ ದಾಖಲೆ ಇಟ್ಟು ಕೇಳೋಣ (ಬೆಂಗಳೂರಿನ ಅಂದ್ರಹಳ್ಳಿ ಕಡೆಯ ನಿವಾಸಿಗಳ ಗುಂಪು)

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೆಯಿಂದ ಮತ್ತೆ ಶುರುವಾಗಿದೆ. ಬೆಳಗಿನ ಜಾವ ಕಿಟಕಿ ತೆಗೆಯುವ ಹಾಗಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಕಡೆಯಿಂದ ಘಾಟು ಬರುತ್ತದೆ, ಗಂಟಲು ಕೆರೆಯುತ್ತದೆ. ಮಕ್ಕಳು ಬ್ಯಾಗಲ್ಲಿ ಇನ್‌ಹೇಲರ್ ಇಟ್ಟುಕೊಂಡು ಶಾಲೆಗೆ ಹೋಗುತ್ತಿದ್ದಾರೆ. ಫೆಬ್ರವರಿ ಮುಗಿಯುವವರೆಗೆ ಎಲ್ಲರೂ ಸೇರಿ ದಾಖಲೆ ಇಡೋಣ. ಅದನ್ನು ಹಿಡಿದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗೋಣ. ಏನಂತೀರಿ?

2ನೇ ಕ್ರಾಸ್, ಮೂಲೆ ಮನೆ: ಸರ್, ನಾನು ದಿನಾ ಗಾಳಿಯ ಗುಣಮಟ್ಟ ತೋರಿಸುವ ಸಮೀರ್ ಆ್ಯಪ್ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದು) ನೋಡುತ್ತೇನೆ. ಘಾಟು ಜಾಸ್ತಿ ಇದ್ದ ದಿನವೂ ಪೀಣ್ಯದ ಅಂಕಿ ನೂರರ ಆಸುಪಾಸಲ್ಲೇ ಇರುತ್ತದೆ. ದೂರು ಕೊಟ್ಟರೆ ಅದನ್ನೇ ತೋರಿಸುತ್ತಾರೆ ಅಲ್ವಾ?

ಮೇಷ್ಟ್ರು, 4ನೇ ಕ್ರಾಸ್: ಆ ಅಂಕಿ ಸುಳ್ಳಲ್ಲಮ್ಮ. ಆದರೆ ನಾವು ಕೇಳುತ್ತಿರುವುದೇ ಬೇರೆ. ಧೂಳಿನ ಕಣಗಳ ಲೆಕ್ಕ 24 ಗಂಟೆಯ ಸರಾಸರಿ. ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ ಎಷ್ಟೇ ಏರಿದ್ದರೂ ಮಧ್ಯಾಹ್ನದ ಗಾಳಿ ಸರಾಸರಿಯನ್ನು ಇಳಿಸಿಬಿಡುತ್ತದೆ. ಇನ್ನೊಂದು ವಿಷಯ. ಆ್ಯಪ್ ತೋರಿಸುವ ವಾಯು ಗುಣಮಟ್ಟ ಸೂಚ್ಯಂಕ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಂಟೇ ವಸ್ತು: ಪಿಎಂ 10, ಪಿಎಂ 2.5 (ಸಣ್ಣ ಮತ್ತು ಅತಿ ಸಣ್ಣ ಧೂಳಿನ ಕಣಗಳು), ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯ, ಸೀಸ. ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್‌ಗಳ ಹೈಡ್ರೋಕ್ಲೋರಿಕ್ ಆ್ಯಸಿಡ್ ಹೊಗೆ ಅದರಲ್ಲಿಲ್ಲ. ನಮ್ಮ ಮೂಗಿಗೆ ಬಡಿಯುವ ಘಾಟು ಅದಾಗಿದ್ದರೆ ಆ್ಯಪ್‌ನಲ್ಲಿ ಹೇಗೆ ಕಾಣಬೇಕು?

ಚಳಿಗಾಲದಲ್ಲೇ ಯಾಕೆ ಅಂತ ಹೋದ ಸಭೆಯಲ್ಲಿ ಯಾರೋ ಕೇಳಿದ್ದರು. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ. ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ, ಹೊಗೆ ಮೇಲೇರುವುದಿಲ್ಲ. ಬಿಸಿಲು ಬಂದು ನೆಲ ಕಾದ ಮೇಲೆ ಚದುರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಯಾರು ಬಂದು ನಿಂತರೂ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಜೋರು, ಮಳೆಯೂ ತೊಳೆಯುತ್ತದೆ. ಈಗ ಗಾಳಿ ಹೆಚ್ಚಾಗಿ ಪೂರ್ವದಿಂದ. ನಾವಿರುವುದು ಪೀಣ್ಯದ ಪಶ್ಚಿಮಕ್ಕೆ.

5ನೇ ಕ್ರಾಸ್: ಒಂದು ಮಾತು. ಫ್ಯಾಕ್ಟರಿ ಮುಚ್ಚಿಸಿ ಅಂತ ಮಾತ್ರ ಬರೆಯಬೇಡಿ. ನಮ್ಮ ಯಜಮಾನರು ಅಲ್ಲೇ ಕೆಲಸಕ್ಕೆ ಹೋಗುವುದು. ಆ ಹೊಗೆ ನಮಗಿಂತ ಮೊದಲು ಅವರ ಎದೆಗೇ ಹೋಗುತ್ತದೆ. ಆ್ಯಸಿಡ್ ಹೊಗೆ ಹೀರಿ ತೊಳೆಯುವ ಸ್ಕ್ರಬ್ಬರ್ ಇದ್ದರೆ ಸಾಲದು, ಅದರ ಬ್ಲೋವರ್ (ಹೊಗೆ ಎಳೆಯುವ ಫ್ಯಾನ್) ಓಡುತ್ತಿರಬೇಕು ಅಂತ ಅವರು ಹೇಳುತ್ತಾರೆ. ಅದಕ್ಕೆ ಕರೆಂಟ್ ಖರ್ಚು. ರಾತ್ರಿ ಪಾಳಿಯಲ್ಲೂ ನಿಲ್ಲಿಸದೆ ಓಡಿಸಿ ಅಂತ ಕೇಳಿ.

ಕಾರ್ಯದರ್ಶಿ: ಸರಿಯಾಗಿ ಹೇಳಿದಿರಿ ಅಕ್ಕ. ನಮ್ಮ ಅರ್ಜಿಯ ಮೊದಲ ಬೇಡಿಕೆ ಇದೇ ಆಗಲಿ.

1ನೇ ಕ್ರಾಸ್, ಅಂಗಡಿ: ಎಲ್ಲವನ್ನೂ ಫ್ಯಾಕ್ಟರಿ ಮೇಲೆ ಹಾಕಬೇಡಿ ಸರ್. ಕೆರೆ ಕಡೆ ಖಾಲಿ ಸೈಟಲ್ಲಿ ದಿನಾ ಕಸಕ್ಕೆ ಬೆಂಕಿ ಇಡುತ್ತಾರೆ. ತಾಮ್ರ ತೆಗೆಯೋಕೆ ವೈರ್ ಸುಡುತ್ತಾರೆ. ಆ ಕಪ್ಪು ಹೊಗೆ ಇನ್ನೂ ಕೆಟ್ಟದ್ದು.

ಮೇಷ್ಟ್ರು: ನಿಜ. ಅದಕ್ಕೆ ಬೇರೆ ದೂರು, ಪಾಲಿಕೆಗೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎರಡೂ ಕಡೆ 'ನಮ್ಮದಲ್ಲ' ಅಂತಾರೆ.

ಕಾರ್ಯದರ್ಶಿ: ಹಾಗಾದರೆ ಬರೆಯುವುದು ಹೀಗೆ. ತಾರೀಕು, ಗಂಟೆ, ಎಂಥ ವಾಸನೆ (ಆ್ಯಸಿಡ್ ಘಾಟು, ಪೇಂಟ್, ಡೀಸೆಲ್, ಪ್ಲಾಸ್ಟಿಕ್ ಸುಟ್ಟದ್ದು), ಗಾಳಿ ಯಾವ ಕಡೆಯಿಂದ. ತಾರಸಿಯ ಮೇಲೆ ಒಂದು ಊದುಬತ್ತಿ ಹಚ್ಚಿ ನೋಡಿದರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ವಾಸನೆ ಇಲ್ಲದ ದಿನವನ್ನೂ ಬರೆಯಿರಿ, ಇಲ್ಲದಿದ್ದರೆ ದಾಖಲೆಗೆ ಬೆಲೆ ಇರಲ್ಲ. ದಯವಿಟ್ಟು ಯಾರೂ ಗೇಟ್ ಹತ್ತಿರ ಹೋಗಿ ಜಗಳ ಮಾಡಬೇಡಿ.

ಅದರ ಜೊತೆಗೆ ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. 1981ರ ವಾಯು ಕಾಯ್ದೆಯ ಪ್ರಕಾರ ಇಂಥ ಘಟಕಗಳು ಮಂಡಳಿಯ ಸಮ್ಮತಿ ಪಡೆದೇ ನಡೆಯಬೇಕು. ಆ ಸಮ್ಮತಿ ಪತ್ರದ ಷರತ್ತುಗಳ ಪ್ರತಿ ಕೇಳೋಣ. ಮೇಷ್ಟ್ರೇ, ಕೇಂದ್ರ ಮಂಡಳಿಯ ವೆಬ್‌ಸೈಟಿಂದ ಪೀಣ್ಯ ಮಾಪಕದ ಗಂಟೆವಾರು ಅಂಕಿ ತೆಗೆಯುವುದು ನಿಮಗೆ ಬಿಟ್ಟಿದ್ದು.

ಮೇಷ್ಟ್ರು: ತೆಗೆದು ಕೊಡುತ್ತೇನೆ. ಪಿಎಂ 2.5ಕ್ಕೆ ನಮ್ಮ ದೇಶದ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಹಾಗಾಗಿ ಆ್ಯಪ್‌ನಲ್ಲಿ 'ತೃಪ್ತಿಕರ' ಅಂತ ಬಂದರೂ ಮಕ್ಕಳಿಗೆ, ವಯಸ್ಸಾದವರಿಗೆ ಅದು ಒಳ್ಳೆಯ ಗಾಳಿ ಅಂತಲ್ಲ. ಬೆಳಗಿನ ವಾಕಿಂಗ್ ಬಿಸಿಲೇರಿದ ಮೇಲೆ ಇಟ್ಟುಕೊಳ್ಳಿ. ಎನ್ 95 ಮಾಸ್ಕ್ ಕಣ ತಡೆಯುತ್ತದೆ, ಆ್ಯಸಿಡ್ ಆವಿಯನ್ನು ತಡೆಯುವುದಿಲ್ಲ.

2ನೇ ಕ್ರಾಸ್, ಮೂಲೆ ಮನೆ: ಐದಕ್ಕೆ ಎದ್ದು ಬರೆಯುವುದು ನಾನು ಮಾಡುತ್ತೇನೆ. ನಾಲ್ಕರ ಹೊತ್ತಿಗೆ?

1ನೇ ಕ್ರಾಸ್, ಅಂಗಡಿ: ಹಾಲಿನ ಗಾಡಿ ನಾಲ್ಕಕ್ಕೇ ಬರುತ್ತದೆ ಮೇಡಂ, ನಾನು ಆಗಲೇ ಶಟರ್ ತೆಗೆದಿರುತ್ತೇನೆ. ಪುಸ್ತಕ ನನ್ನ ಅಂಗಡಿಯಲ್ಲೇ ಇಡಿ. ಹಾಲಿನವರನ್ನೂ ಕೇಳಿ ಬರೆಸುತ್ತೇನೆ.

ಕಾರ್ಯದರ್ಶಿ: ನಾಳೆ ಸಂಜೆ ಪುಸ್ತಕ ತಂದುಕೊಡುತ್ತೇನೆ. ಭಾನುವಾರ ಹತ್ತಕ್ಕೆ ಪಾರ್ಕಲ್ಲಿ ಸೇರೋಣ, ಅರ್ಜಿಯ ಕರಡು ಓದುತ್ತೇನೆ. ಬೆಳಿಗ್ಗೆ ನಾಲ್ಕರಿಂದ ಏಳರ ನಡುವೆ ಬಂದು ಅಳೆಯಿರಿ ಎನ್ನುವ ಸಾಲನ್ನು ಅದರಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುತ್ತೇನೆ.