ಆಹಾಜನಿಗೆ ಕೊಟ್ಟ ಗುರುತನ್ನು ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ಹೇಗೆ ಬೋಧಿಸಬೇಕು?

ಪ್ರಶ್ನೆ: ಉಪದೇಶಕ, ಧಾರವಾಡ ಜಿಲ್ಲೆಯ ಗ್ರಾಮಸಭೆ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಆಗಮನ ಕಾಲದ ನಾಲ್ಕನೆಯ ಭಾನುವಾರದ ಪ್ರಸಂಗವನ್ನು ನಮ್ಮ ಸಭಾಪಾಲಕರು ನನಗೆ ವಹಿಸಿದ್ದಾರೆ. ಮೂರು ವರ್ಷಗಳ ವಾಚನಪಟ್ಟಿಯಲ್ಲಿ ಮತ್ತಾಯನ ಸುವಾರ್ತೆಯನ್ನು ಓದುವ ವರ್ಷ ಆ ದಿನಕ್ಕೆ ಯೆಶಾಯ 7:10-16 ಮತ್ತು ಮತ್ತಾಯ 1:18-25 ನಿಗದಿಯಾಗಿವೆ. ಯೆಹೂದದ ಅರಸ ಆಹಾಜನಿಗೆ ಯೆಶಾಯನು ಕೊಟ್ಟ ಗುರುತು 14ನೆಯ ವಚನದಲ್ಲಿದೆ: ಕನ್ಯೆಯು ಗರ್ಭಿಣಿಯಾಗಿ ಮಗನನ್ನು ಹೆತ್ತು ಅವನಿಗೆ ಇಮ್ಮಾನುವೇಲ್ ಎಂದು ಹೆಸರಿಡುವಳು. ಮತ್ತಾಯನು ಇದನ್ನೇ ಯೇಸುವಿನ ಜನನಕ್ಕೆ ಅನ್ವಯಿಸಿ ಉದ್ಧರಿಸುತ್ತಾನೆ. ಪ್ರವಾದಿಯು ಏಳುನೂರು ವರ್ಷ ಮೊದಲೇ ಯೇಸುವಿನ ಜನನವನ್ನು ತಿಳಿಸಿದನು, ಅದು ಬೇತ್ಲೆಹೇಮಿನಲ್ಲಿ ನೆರವೇರಿತು ಎಂಬ ವಿವರಣೆಯನ್ನೇ ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ. ಈ ಸಲ ಅಧ್ಯಾಯವನ್ನು ಮೊದಲಿನಿಂದ ಓದುತ್ತಾ ಬಂದು 16ನೆಯ ವಚನದಲ್ಲಿ ನಿಂತುಬಿಟ್ಟೆ. ಆ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವುದರೊಳಗೆ ಆಹಾಜನು ಹೆದರುತ್ತಿರುವ ಇಬ್ಬರು ಅರಸರ ದೇಶ ಪಾಳುಬೀಳುವುದು ಎಂದು ಅಲ್ಲಿದೆ. ಹಾಗಾದರೆ ಆ ಗುರುತು ಆಹಾಜನ ಜೀವಿತಕಾಲದ್ದೇ ಆಗಿರಬೇಕಲ್ಲವೇ? ಇದನ್ನು ಪೀಠದಿಂದ ಹೇಳಿದರೆ ಸಭೆಯ ಹಿರಿಯರು ನೊಂದುಕೊಳ್ಳುವರೋ ಎಂಬ ಅಳುಕಿದೆ. ಹೇಳದೆ ಬಿಟ್ಟರೆ ಓದಿದ ವಾಕ್ಯಕ್ಕೆ ನಾನು ಸತ್ಯವಂತನಾಗುವುದಿಲ್ಲ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1: ನಿವೃತ್ತ ಸಭಾಪಾಲಕ, ಮಂಗಳೂರು

ಪ್ರಿಯ ಸಹೋದರರೇ, ನೀವು ನಿಂತ ಜಾಗ ಸರಿಯಾದದ್ದೇ. ಕ್ರಿ.ಪೂ. 734ರ ಆಸುಪಾಸಿನಲ್ಲಿ ಅರಾಮಿನ (ಸಿರಿಯದ) ಅರಸ ರೆಚೀನನೂ ಇಸ್ರಾಯೇಲಿನ ಅರಸ ಪೆಕಹನೂ ಕೂಡಿಕೊಂಡು ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದರು. ಅರಸನ ಮತ್ತು ಪ್ರಜೆಗಳ ಹೃದಯ ಗಾಳಿಗೆ ಸಿಕ್ಕಿದ ಕಾಡಿನ ಮರಗಳಂತೆ ನಡುಗಿತು ಎಂದು 2ನೆಯ ವಚನ ಹೇಳುತ್ತದೆ. ಪ್ರವಾದಿಯು ಅರಸನನ್ನು ಭೇಟಿಯಾದದ್ದು ಅರಮನೆಯಲ್ಲಲ್ಲ, ಮೇಲಿನ ಕೆರೆಯ ಕಾಲುವೆಯ ತುದಿಯಲ್ಲಿ, ಅಗಸರ ಹೊಲಕ್ಕೆ ಹೋಗುವ ದಾರಿಯಲ್ಲಿ. ಮುತ್ತಿಗೆ ಬಿದ್ದರೆ ಊರಿಗೆ ನೀರು ಎಲ್ಲಿಂದ ಎಂಬ ಚಿಂತೆಯಲ್ಲಿ ಅರಸನು ಅಲ್ಲಿಗೆ ಬಂದಿರಬೇಕು. ಆ ಇಬ್ಬರು ಅರಸರನ್ನು ಯೆಶಾಯನು ಹೊಗೆಯಾಡುತ್ತಿರುವ ಎರಡು ಮೋಟು ಕೊಳ್ಳಿಗಳೆಂದು ಕರೆಯುತ್ತಾನೆ. ಒಲೆಯಿಂದ ಹೊರಗೆಳೆದ ಕೊಳ್ಳಿ ಕಣ್ಣಿಗೆ ಹೊಗೆ ತುಂಬುತ್ತದೆಯೇ ಹೊರತು ಅದರಲ್ಲಿ ಉರಿ ಉಳಿದಿರುವುದಿಲ್ಲ. ನಿಮ್ಮ ಸಭೆಯ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮುಂದೆ ಕ್ರಿ.ಪೂ. 732ರಲ್ಲಿ ರೆಚೀನನ ರಾಜಧಾನಿ ದಮಸ್ಕವು ಅಶ್ಶೂರರ (ಅಸ್ಸೀರಿಯದವರ) ಕೈಗೆ ಬಿದ್ದಿತು, ಹೀಗೆ 16ನೆಯ ವಚನ ಆ ಕಾಲದಲ್ಲಿಯೇ ನಿಜವಾಯಿತು.

ಮತ್ತಾಯನ ಮಾತಿನ ಕುರಿತು ಒಂದು ವಿಷಯ. ನಾವು "ನೆರವೇರಿತು" ಎನ್ನುವಲ್ಲಿ ಗ್ರೀಕಿನಲ್ಲಿರುವ ಕ್ರಿಯಾಪದಕ್ಕೆ ತುಂಬುವುದು ಎಂಬ ಅರ್ಥವಿದೆ. ಐಗುಪ್ತದಿಂದ ನನ್ನ ಮಗನನ್ನು ಕರೆದೆನು ಎಂಬ ಹೋಶೇಯ 11:1 ಭವಿಷ್ಯನುಡಿಯೇ ಅಲ್ಲ, ಇಸ್ರಾಯೇಲರ ಬಿಡುಗಡೆಯ ನೆನಪು. ಆದರೂ ಮತ್ತಾಯನು ಅದನ್ನು ಯೇಸುವಿನಲ್ಲಿ ನೆರವೇರಿದ್ದಾಗಿ 2:15ರಲ್ಲಿ ಹೇಳುತ್ತಾನೆ. ಹಿಂದೆ ಒಮ್ಮೆ ದೇವರು ನಡೆಸಿದ ಕಾರ್ಯವು ಕ್ರಿಸ್ತನಲ್ಲಿ ಅಂಚಿನವರೆಗೆ ತುಂಬಿ ಬಂತು ಎಂದು ಅವನು ಕಾಣುತ್ತಿದ್ದಾನೆ. ಆದುದರಿಂದ ಆಹಾಜನ ಕಾಲದ ಅರ್ಥವನ್ನು ಅಳಿಸಿದರೆ ತುಂಬುವುದಕ್ಕೆ ಪಾತ್ರೆಯೇ ಇಲ್ಲದಂತಾಗುತ್ತದೆ.

ಉತ್ತರ 2: ಸಭಾಹಿರಿಯ, ಹಾಸನ

ಅಯ್ಯನವರೇ, ಗೌರವದಿಂದಲೇ ನನ್ನ ಆತಂಕವನ್ನು ಹೇಳುತ್ತೇನೆ. 14ನೆಯ ವಚನದ ಹೀಬ್ರೂ ಮೂಲದಲ್ಲಿರುವ "ಅಲ್ಮಾ" ಎಂಬ ಪದಕ್ಕೆ ಯುವತಿ ಎಂದರ್ಥ, ಕನ್ಯೆ ಎಂದಲ್ಲ ಎಂದು ಹೇಳಿ ಯುವಕರು ನಮ್ಮ ವಿಶ್ವಾಸಪ್ರಮಾಣವನ್ನೇ ಪ್ರಶ್ನಿಸುತ್ತಿದ್ದಾರೆ. ಪೀಠದಿಂದಲೂ ಇದೇ ಮಾತು ಬಂದರೆ ಸಾಮಾನ್ಯ ವಿಶ್ವಾಸಿಯ ಗತಿಯೇನು?

ಉತ್ತರ 3: ಧರ್ಮೋಪದೇಶ ಶಿಕ್ಷಕಿ, ಕಥೋಲಿಕ ಧರ್ಮಕೇಂದ್ರ, ಬೆಂಗಳೂರು

ಹಿರಿಯರ ಆತಂಕ ನನಗೂ ಅರ್ಥವಾಗುತ್ತದೆ. ಆ ಪದಕ್ಕೆ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಗಳು ಎಂಬ ಅರ್ಥವಿರುವುದು ನಿಜ. ಆದಿಕಾಂಡ 24:43ರಲ್ಲಿ ರೆಬೆಕ್ಕಳಿಗೂ ಅದೇ ಪದವಿದೆ. ಕ್ರಿಸ್ತಪೂರ್ವದಲ್ಲಿಯೇ ಯೆಹೂದ್ಯರು ಮಾಡಿದ ಗ್ರೀಕ್ ಅನುವಾದವು ಯೆಶಾಯ 7:14ರಲ್ಲಿ ಕನ್ಯೆ ಎಂಬರ್ಥದ "ಪಾರ್ಥೆನೊಸ್" ಎಂಬ ಪದವನ್ನು ಬಳಸಿತು, ಮತ್ತಾಯನು ಉದ್ಧರಿಸಿದ್ದು ಆ ಪದವನ್ನೇ. ಆದರೆ ಕನ್ಯಾಜನನದ ವಿಶ್ವಾಸವು ಈ ಒಂದು ಪದಕ್ಕೆ ನೇತುಹಾಕಿಕೊಂಡಿಲ್ಲ. ಉದ್ಧರಣೆಗೆ ಮುಂಚೆಯೇ, 1:18ರಲ್ಲಿ, ಮತ್ತಾಯನು ಅದನ್ನು ಹೇಳಿ ಮುಗಿಸಿದ್ದಾನೆ. ಯೆಶಾಯನನ್ನು ಉದ್ಧರಿಸದೆಯೇ ಲೂಕನೂ ಅದನ್ನು ಹೇಳುತ್ತಾನೆ.

ನಮ್ಮ ವಾಚನಗ್ರಂಥದಲ್ಲಿ ಅದೇ ಭಾನುವಾರದ ಮೊದಲ ವಾಚನ 14ನೆಯ ವಚನಕ್ಕೆ ನಿಂತುಬಿಡುತ್ತದೆ. ಹೀಗಾಗಿ ನಮ್ಮ ಮಕ್ಕಳಿಗೆ ಆ ಇಬ್ಬರು ಅರಸರ ವಿಷಯವೇ ಕಿವಿಗೆ ಬೀಳುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಹೆಚ್ಚಾಗಿರುವ ಎರಡು ವಚನಗಳನ್ನು ದಯವಿಟ್ಟು ಹೊರೆಯೆಂದು ತಿಳಿಯಬೇಡಿ.

ಉತ್ತರ 4: ನಿವೃತ್ತ ಸಭಾಪಾಲಕ, ಮಂಗಳೂರು

ಸಹೋದರಿಯವರು ಸರಿಯಾಗಿ ಹೇಳಿದ್ದಾರೆ. ಪ್ರಸಂಗದ ತಿರುಳು ಎಲ್ಲಿದೆ ಎಂಬುದಕ್ಕೆ ಮತ್ತಾಯ 1:9ನ್ನು ನೋಡಿರಿ: ನಾವು ಅವಸರದಲ್ಲಿ ದಾಟಿಹೋಗುವ ವಂಶಾವಳಿಯಲ್ಲಿ ಆಹಾಜನ ಹೆಸರಿದೆ. ದಾವೀದನ ಮನೆತನದ ಆ ಅರಸನಿಗೆ "ಭಯಪಡಬೇಡ" ಎಂಬ ಮಾತು ಬಂತು. ಕರ್ತನನ್ನು ಪರೀಕ್ಷಿಸುವುದಿಲ್ಲ ಎಂದು ಭಕ್ತಿಯ ಮಾತಾಡಿ ಅವನು ಗುರುತನ್ನು ನಿರಾಕರಿಸಿದನು. 2 ಅರಸುಗಳು 16ರ ಪ್ರಕಾರ ದೇವಾಲಯದ ಬೆಳ್ಳಿಬಂಗಾರವನ್ನು ಅಶ್ಶೂರದ ಅರಸನಿಗೆ ಕಳುಹಿಸಿ ಅವನ ಮೊರೆಹೊಕ್ಕನು. ಅದೇ ಮನೆತನದ ಬಡಗಿಯೊಬ್ಬನಿಗೆ ಕನಸಿನಲ್ಲಿ ಅದೇ ಮಾತು ಬಂತು: ದಾವೀದನ ವಂಶದ ಯೋಸೇಫನೇ, ಭಯಪಡಬೇಡ. ಅವನು ಎದ್ದನು, ಹೇಳಿದಂತೆ ಮಾಡಿದನು. ಸುವಾರ್ತೆಯಲ್ಲಿ ಅವನ ಬಾಯಿಂದ ಒಂದು ಮಾತೂ ಬರುವುದಿಲ್ಲ. ಯೆಶಾಯ 7:9ರಲ್ಲಿ ನಂಬುವುದಕ್ಕೂ ನೆಲೆಗೊಳ್ಳುವುದಕ್ಕೂ ಇರುವ ಹೀಬ್ರೂ ಪದಗಳು ನಾವು ಪ್ರಾರ್ಥನೆಯ ಕೊನೆಗೆ ಹೇಳುವ ಆಮೆನ್ ಎಂಬ ಪದದ ಧಾತುವಿನಿಂದಲೇ ಬಂದವು. ಆಹಾಜನು ಹೇಳಲಾರದೆ ಹೋದ ಆಮೆನ್ ಅನ್ನು ಯೋಸೇಫನು ಹೇಳಿದನು ಎಂದು ನಾನು ಅದನ್ನು ಓದುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. 16ಕ್ಕೆ ನಿಲ್ಲಿಸುತ್ತೇನೆ, ಆದರೆ 10ರಿಂದಲ್ಲ, 1ನೆಯ ವಚನದಿಂದ ಓದಿಸಲು ಸಭಾಪಾಲಕರ ಒಪ್ಪಿಗೆ ಪಡೆದಿದ್ದೇನೆ. "ಅಲ್ಮಾ" ವಿಷಯವನ್ನು ಪೀಠದಲ್ಲಿ ಎತ್ತದೆ ಯುವಜನರ ಕೂಟದಲ್ಲಿ ಬಿಡಿಸಿ ಹೇಳುತ್ತೇನೆ. ಅಂದು ವಾಚನ ಮಾಡುವ ಸಹೋದರಿಗೆ ರೆಚೀನ, ಪೆಕಹ ಎಂಬ ಹೆಸರುಗಳನ್ನು ಶನಿವಾರ ಸಂಜೆಯೇ ಅಭ್ಯಾಸ ಮಾಡಿಸಬೇಕು.