ತುಕ್ಕೋ ಕಿಲುಬೋ? ಟೇಬಲ್ ಸಾ ಬೆಡ್ ಮೇಲೆ ಬಂದಿದ್ದಕ್ಕೆ ಏನನ್ನಬೇಕು

ಎಲ್ಲರಿಗೂ ನಮಸ್ಕಾರ. ನಂದು ಒಂದು ಪದದ ಅನುಮಾನ, ಆದ್ರೆ ಅದಕ್ಕೂ ಮುಂಚೆ ಸ್ವಲ್ಪ ಕಬ್ಬಿಣದ ಕಥೆ ಕೇಳ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವಿರೋದು ಸಕಲೇಶಪುರದ ಹತ್ರ. ಹೋದ ಬೇಸಿಗೇಲಿ ಸೆಕೆಂಡ್ ಹ್ಯಾಂಡ್ ಟೇಬಲ್ ಸಾ (ಮರ ಕುಯ್ಯೋ ಗರಗಸದ ಮೇಜು) ಒಂದು ತಗೊಂಡೆ, ಹಲಗೆ ಇಟ್ಟು ತಳ್ಳೋ ಮೇಲಿನ ಬೆಡ್ ಪೂರ್ತಿ ಬೀಡು, ಅಂದ್ರೆ ಎರಕದ ಕಬ್ಬಿಣ, ಇಬ್ರು ಹಿಡಿದ್ರೂ ಮಿಸುಕಲ್ಲ. ಆರಿದ್ರಾ ಮಳೆ ಹಿಡ್ಕೊಂಡ್ಮೇಲೆ 15 ದಿನ ಶೆಡ್ ಕಡೆ ತಲೆ ಹಾಕಲಿಲ್ಲ, ಟಾರ್ಪಾಲು ಬೇರೆ ಬಿಗಿಯಾಗಿ ಹೊದಿಸಿದ್ದೆ ಏನೂ ಆಗಲ್ಲ ಅಂತ, ತೆಗ್ದು ನೋಡಿದ್ರೆ ಒಳಗೆಲ್ಲಾ ಬೆವರು, ಥಳಥಳ ಅಂತಿದ್ದ ಬೆಡ್ ಮೇಲೆ ಕೆಮ್ಮಣ್ಣಿನ ಬಣ್ಣದ ಪುಡಿ, ಟೀ ಲೋಟ ಇಟ್ಟಿದ್ದ ಜಾಗದಲ್ಲಿ ಬಳೆ ಥರ ದುಂಡಗೆ ಗುರುತು, ಪಕ್ಕದಲ್ಲೇ ನನ್ನದೇ ಐದು ಬೆರಳಿನ ಅಚ್ಚು. ಹಸಿ ಸಿಲ್ವರ್ ಓಕ್ ಮರ ಕುಯ್ದು ಹೊಟ್ಟು ಗುಡಿಸದೆ ಬಿಟ್ಟಿದ್ದ ಮೂಲೇಲಂತೂ ಕಪ್ಪು ಕಲೆ.

ತುಕ್ಕು ಹಿಡೀತಲ್ಲಪ್ಪಾ ಅಂತ ತಲೆ ಮೇಲೆ ಕೈ ಇಟ್ಕೊಂಡು ನಮ್ಮ ಆಚಾರ್ರನ್ನ ಕರ್ಸಿದೆ. ಅವರು ನೋಡಿ, "ಇದು ತುಕ್ಕಲ್ಲ ಬುಡಿ ಸಾರ್, ಕಿಲುಬು ಎದ್ದೈತೆ ಅಷ್ಟೆಯ. ತುಕ್ಕು ಅಂದ್ರೆ ತಿಂದಿರ್ಬೇಕು" ಅಂದ್ರು. ಅಂದು ಬೆಡ್ ಮೇಲೆ ಹೆಬ್ಬೆರಳ ಉಗುರು ಆಡಿಸಿದ್ರು, ನುಣ್ಣಗೆ ಜಾರ್ತು. ಆಮೇಲೆ ಕೆಳಗೆ ಕಾಲಿನ ಹತ್ರ ಪೇಂಟ್ ಎದ್ದುಹೋಗಿರೋ ಕಡೆ ಆಡಿಸಿದ್ರು, ಉಗುರು ಸಣ್ಣ ಗುಳಿಗೆ ಸಿಕ್ಕಿ ನಿಂತ್ಕೊಳ್ತು. "ನೋಡಿ, ಇದು ತುಕ್ಕು."

ನನಗೆ ಗೊತ್ತಿದ್ದ ಪ್ರಕಾರ ಕಿಲುಬು ತಾಮ್ರ ಹಿತ್ತಾಳೆಗೆ ಬರೋದು, ಕಬ್ಬಿಣಕ್ಕೆ ಬರೋದು ತುಕ್ಕು. ಹಿತ್ತಾಳೆ ಪಾತ್ರೇಲಿ ಹುಳಿ ಪದಾರ್ಥ ಇಟ್ರೆ ಕಿಲುಬು ಬಿಡುತ್ತೆ ಅಂತಲೇ ಅಲ್ವಾ ಕಲಾಯಿ ಹಾಕಿಸ್ತಿದ್ದಿದ್ದು. "ಕಿಲುಬು ಕಾಸೂ ಬಿಚ್ಚಲ್ಲ" ಅಂತ ಜಿಪುಣರನ್ನ ಬೈಯೋದೂ ತಾಮ್ರದ ಕಾಸು ನೋಡೇ ಇರ್ಬೇಕು. ಪಕ್ಕದ ಭಾಷೆಗಳಲ್ಲೂ ಹಂಗೇ ಇದೆ: ತೆಲುಗಲ್ಲಿ ಚಿಲುಮು, ತಮಿಳಲ್ಲಿ ಕಳಿಂಬು. ನಮ್ಮ ಕಿವಿ ತೆಲುಗಲ್ಲಿ ಚೆವಿ ಆಗೋ ಹಾಗೆ ಕಿಲುಬು ಚಿಲುಮು ಆಗಿದೆ. ಕಬ್ಬಿಣಕ್ಕೆ ಅವರದ್ದು ಬೇರೆ ಪದ, ತೆಲುಗಲ್ಲಿ ತುಪ್ಪು, ತಮಿಳಲ್ಲಿ ತುರು.

ಅಂದ್ರೆ ನಾವು ನೋಡೋದು ಲೋಹ ಯಾವ್ದು ಅಂತ, ಆಚಾರ್ರು ನೋಡೋದು ಎಷ್ಟು ಆಳಕ್ಕೆ ಇಳಿದಿದೆ ಅಂತ. ಕೆಲಸದವರಿಗೆ ಬೇಕಾಗಿರೋದೂ ಅದೇ ಅನ್ಸುತ್ತೆ, ಯಾಕಂದ್ರೆ ಮೇಲಿನ ಪುಡಿ ಉಜ್ಜಿದ್ರೆ ಹೋಗುತ್ತೆ, ಗುಳಿ ಬಿದ್ರೆ ಬೆಡ್ ಸಮ ಮಾಡೋಕೆ ಲೇತ್ ಅಂಗಡಿಯವರ ಕಾಲು ಹಿಡೀಬೇಕು. ಆದ್ರೂ ಒಂದು ಕೊಂಕು ಇದೆ, ತಾಮ್ರದ ಕಿಲುಬು ಮೇಲೆ ಅಂಟ್ಕೊಂಡು ಒಳಗಿನ ಲೋಹನ ಒಂದು ಮಟ್ಟಕ್ಕೆ ಕಾಯುತ್ತೆ, ಕಬ್ಬಿಣದ್ದು ಉಬ್ಬಿ ಉದುರಿ ಕೆಳಗಿನ ಹೊಸ ಕಬ್ಬಿಣಕ್ಕೆ ದಾರಿ ಬಿಟ್ಕೊಡುತ್ತೆ. ಹಂಗಾಗಿ ಇವತ್ತಿನ "ಕಿಲುಬು" ನಾಳೆ ತುಕ್ಕು ಆಗೇ ಆಗುತ್ತೆ.

ಉಜ್ಜಿದ ಕಥೆನೂ ಹೇಳ್ಬಿಡ್ತೀನಿ. ಡಬ್ಲ್ಯುಡಿ-40 (ತುಕ್ಕು ಬಿಡಿಸೋ ಸ್ಪ್ರೇ ಎಣ್ಣೆ) ಹೊಡೆದು ಸ್ಕಾಚ್‌ಬ್ರೈಟಲ್ಲಿ ಉದ್ದುದ್ದಕ್ಕೆ ತಿಕ್ಕಿದೆ, ಹೋಗದೇ ಇದ್ದ ಕಡೆ 400 ನಂಬರ್ ಉಪ್ಪುಕಾಗದ (ಹೆಸರಲ್ಲಿ ಮಾತ್ರ ಉಪ್ಪು, ನಿಜವಾದ ಉಪ್ಪು ತಾಗಿದ್ರೆ ಬೆಡ್ ಕಥೆ ಮುಗೀತು). ಬಟ್ಟೆಯೆಲ್ಲಾ ಕಪ್ಪು ಕಪ್ಪು, ಬೀಡಲ್ಲಿರೋ ಗ್ರಾಫೈಟ್ ಅದು. ಅಲ್ಲಿಗೇ ನಿಲ್ಲಿಸ್ದೆ ಮನೇಲಿ ಬೀಡಿನ ಕಾವಲಿಗೆ ಸವರೋ ಹಾಗೆ ಕೊಬ್ರಿ ಎಣ್ಣೆ ಸವರಿದೆ ನೋಡಿ, ಅದೇ ತಪ್ಪಾಗಿದ್ದು. ನಮ್ಮೂರ ಥಂಡಿಗೆ ಎಣ್ಣೆ ಹೆಪ್ಪುಗಟ್ಟಿ, ಹೊಟ್ಟು ಅದಕ್ಕೆ ಮೆತ್ಕೊಂಡು ರೊಟ್ಟಿ ಹಿಟ್ಟಾಯ್ತು, ಹಲಗೆಗೆ ಜಿಡ್ಡು ಹತ್ತಿ ಪಾಲಿಷ್ ಕೂರಲೇ ಇಲ್ಲ. ಆಚಾರ್ರು ನಕ್ಕು, "ಮೇಣ ತಿಕ್ಕಿ ಸಾರ್, ದೋಸೆ ಹುಯ್ತೀರಾ ಇದ್ರ ಮ್ಯಾಲೆ?" ಅಂದ್ರು. ಈಗ ಎಲ್ಲಾ ಒರೆಸಿ ಮೇಣ ತೆಳ್ಳಗೆ ಹಚ್ಚಿ, ಒಣಗಿದ್ಮೇಲೆ ಹತ್ತಿ ಬಟ್ಟೇಲಿ ಹೊಳಪು ಬರೋ ತನಕ ಉಜ್ತೀನಿ, ಹಲಗೆ ಬೆಣ್ಣೆ ಥರ ಜಾರುತ್ತೆ. ಸಿಲಿಕೋನ್ ಇರೋ ಕಾರ್ ಪಾಲಿಷ್ ಮಾತ್ರ ಬೇಡ, ಮರಕ್ಕೆ ಹತ್ತಿದ್ರೆ ವಾರ್ನಿಷ್ ಒಡೆದು ಕಣ್ಣು ಕಣ್ಣಾಗಿ ನಿಲ್ಲುತ್ತೆ.

ಸರಿ, ಈಗ ಪ್ರಶ್ನೆ. ನಿಮ್ಮ ಕಡೆ ಕಬ್ಬಿಣಕ್ಕೆ ಕಿಲುಬು ಅನ್ನೋದು ಕೇಳಿದ್ದೀರಾ? ಅಂದ್ರೆ ಯಾರು ಅಂತಾರೆ, ಬಡಗಿಗಳು ಕಮ್ಮಾರರು ಮಾತ್ರನಾ ಅಥವಾ ಮನೇಲೂನಾ? ಚಿಕ್ಕಮಗಳೂರು, ಮೂಡಿಗೆರೆ ಕಡೆಯೋರು ಮುಖ್ಯವಾಗಿ ಹೇಳಿ, ಮಳೆ ನಮ್ಮಷ್ಟೇ ಇದೆಯಲ್ಲ. ಇನ್ನೊಂದು, ಮಳೆಗಾಲದ ಬೆಳಿಗ್ಗೆ ತಣ್ಣಗಿರೋ ಕಬ್ಬಿಣದ ಮೇಲೆ ಹೊರಗಿನ ಬಿಸಿ ಗಾಳಿ ತಾಗಿ ನೀರು ಕೂರುತ್ತಲ್ಲ, ಅದಕ್ಕೆ ನಾವು "ಮಿಷನ್ ಬೆವರ್ತದೆ" ಅಂತೀವಿ, ಬೇರೆ ಪದ ಏನಾದ್ರೂ ಇದೆಯಾ?