ಕಂಟಿನ್ಯುಯಸ್, ಕಂಟಿನ್ಯುಯಲ್, ಪರ್ಸಿಸ್ಟೆಂಟ್, ಕ್ರಾನಿಕ್: ಯಾವುದು ಎಲ್ಲಿ?

ನರ್ಸಿಂಗ್_ವಿದ್ಯಾರ್ಥಿನಿ:
ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ. ಈಗ ಕೇಸ್ ಶೀಟ್ ಬರೆಯುವಾಗ ಈ ನಾಲ್ಕು ಪದಗಳ ಹತ್ತಿರ ಬಂದು ಕೈ ನಿಂತುಬಿಡುತ್ತದೆ. ಡಿಕ್ಷನರಿಯಲ್ಲಿ ಎಲ್ಲದಕ್ಕೂ ‘ನಿರಂತರ’, ‘ಸತತ’ ಅಂತಲೇ ಇದೆ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಯಾವುದು, ಔಷಧ ಕೊಟ್ಟರೂ ಹೋಗದ ಕೆಮ್ಮಿಗೆ ಯಾವುದು? ಬಿಡಿಸಿ ಹೇಳ್ತೀರಾ?

ಇಂಗ್ಲಿಷ್_ಮೇಷ್ಟ್ರು:
ಮೊದಲು ನಡುವೆ ಬಿಡುವು ಇದೆಯಾ ಅಂತ ನೋಡಿ. ಒಂದು ಕ್ಷಣವೂ ನಿಲ್ಲದೆ ಸಾಗಿದರೆ ಕಂಟಿನ್ಯುಯಸ್. ಪದೇ ಪದೇ ಆಗುತ್ತಾ ನಡುನಡುವೆ ನಿಂತರೆ ಕಂಟಿನ್ಯುಯಲ್, ರಾತ್ರಿಯಿಡೀ ಆಗಾಗ ಬೊಗಳುವ ನಾಯಿಯ ಹಾಗೆ. ಪರೀಕ್ಷೆಗೆ ಇಷ್ಟು ಸಾಕು.

ವಕೀಲ_ಧಾರವಾಡ:
ಈ ಗೆರೆ ಅಷ್ಟು ಗಟ್ಟಿಯಲ್ಲ ಮೇಷ್ಟ್ರೇ. 1882ರ ಈಸ್‌ಮೆಂಟ್ ಕಾಯ್ದೆಯ (ಪಕ್ಕದವರ ಜಾಗದ ಮೇಲೆ ನಮಗಿರುವ ಬಳಕೆಯ ಹಕ್ಕಿನ ಕಾಯ್ದೆ) 5ನೇ ಸೆಕ್ಷನ್ ನೋಡಿ. ಕಿಟಕಿಯಿಂದ ಬರುವ ಬೆಳಕಿನ ಹಕ್ಕು ಕಂಟಿನ್ಯುಯಸ್ ಅನ್ನುತ್ತದೆ. ಆದರೆ ಕಂಟಿನ್ಯುಯಸ್ ಅಂದರೇನು ಅಂತ ವಿವರಿಸುವಾಗ ಬಳಸಿರುವ ಪದವೇ ಕಂಟಿನ್ಯುಯಲ್!

ವಾರ್ಡ್_ಸಿಸ್ಟರ್:
ತಂಗಿ, ಕೇಸ್ ಶೀಟ್‌ನಲ್ಲಿ ಕಂಟಿನ್ಯುಯಲ್ ಬೇಡವೇ ಬೇಡ, ಓದಿದವರಿಗೆ ಗೊಂದಲ. ಜ್ವರಕ್ಕೆ ನಮ್ಮದೇ ಪದಗಳಿವೆ. ದಿನವಿಡೀ ನಾರ್ಮಲ್‌ಗೆ ಇಳಿಯದೆ, ಏರಿಳಿತ 1 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಕಂಟಿನ್ಯುಯಸ್. ನಾರ್ಮಲ್‌ಗೆ ಇಳಿಯುವುದಿಲ್ಲ, ಆದರೆ ಏರಿಳಿತ ಅದಕ್ಕಿಂತ ಜಾಸ್ತಿ ಅಂದರೆ ರೆಮಿಟೆಂಟ್. ಇಳಿದು ನಾರ್ಮಲ್ ಆಗಿ ಮತ್ತೆ ಏರಿದರೆ ಇಂಟರ್ಮಿಟೆಂಟ್, ಮಲೇರಿಯಾದಲ್ಲಿ ನೋಡಿರುತ್ತೀರಿ. ನೀವು ಕೇಳಿದ್ದು ಇದನ್ನೇ.

ಹೋಗಬೇಕಿತ್ತು, ಇನ್ನೂ ಹೋಗಿಲ್ಲ ಅನ್ನುವಲ್ಲಿ ಪರ್ಸಿಸ್ಟೆಂಟ್. ನಿಮ್ಮ ಆ ಕೆಮ್ಮಿಗೆ ಇದೇ ಸರಿ. ಭೇದಿ 14 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪರ್ಸಿಸ್ಟೆಂಟ್ ಅನ್ನುತ್ತದೆ. ಕ್ರಾನಿಕ್ ಅಂದರೆ ಬಹುಕಾಲದ್ದು ಅಂತ, ಜೋರಾದದ್ದು ಅಂತಲ್ಲ. ದೊಡ್ಡವರಲ್ಲಿ ಕೆಮ್ಮು 8 ವಾರ ದಾಟಿದರೆ ಕ್ರಾನಿಕ್, ಎಷ್ಟೇ ಸಣ್ಣ ಕೆಮ್ಮಾಗಿರಲಿ. ‘ಕ್ರಾನಿಕ್ ಪೇನ್’ ಅಂದ ಕೂಡಲೇ ಭಯಂಕರ ನೋವು ಅಂದುಕೊಳ್ಳುವವರು ತುಂಬಾ ಜನ, ಮನೆಯವರಿಗೆ ಹೇಳುವಾಗ ಜೋಪಾನ. ಯಾವ ಪದ ಬರೆದರೂ ಪಕ್ಕದಲ್ಲಿ ಎಷ್ಟು ದಿನದಿಂದ ಅಂತ ಬರೆದುಬಿಡಿ.

ನರ್ಸಿಂಗ್_ವಿದ್ಯಾರ್ಥಿನಿ:
ಥ್ಯಾಂಕ್ಸ್ ಅಕ್ಕಾ. ಹಾಗಾದರೆ ಪರ್ಸಿಸ್ಟೆಂಟ್ ಮತ್ತು ಪರ್ಮನೆಂಟ್ ಒಂದೇನಾ? ಪಿವಿಎಸ್, ಅಂದರೆ ಕಣ್ಣು ತೆರೆದಿದ್ದರೂ ಅರಿವಿಲ್ಲದ ‘ವೆಜಿಟೇಟಿವ್ ಸ್ಟೇಟ್’, ಅದರ ‘ಪಿ’ಯನ್ನು ಎರಡೂ ಥರ ಬಿಡಿಸಿದ್ದು ನೋಡಿದೆ.

ವಾರ್ಡ್_ಸಿಸ್ಟರ್:
ಖಂಡಿತ ಒಂದೇ ಅಲ್ಲ. ಪರ್ಸಿಸ್ಟೆಂಟ್ ಅನ್ನುವುದು ಇವತ್ತಿನವರೆಗಿನ ಮಾತು. ಪರ್ಮನೆಂಟ್ ಅಂದರೆ ಮುಂದೆಯೂ ಬದಲಾಗುವುದಿಲ್ಲ ಅಂತ ಹೇಳಿದ ಹಾಗೆ. 1972ರಲ್ಲಿ ಆ ಸ್ಥಿತಿಗೆ ಹೆಸರಿಟ್ಟ ಜೆನೆಟ್ ಮತ್ತು ಪ್ಲಮ್ ಪರ್ಸಿಸ್ಟೆಂಟ್ ಅನ್ನುವ ಪದವನ್ನೇ ಆರಿಸಿಕೊಂಡರು. ಆಮೇಲೆ 1994ರಲ್ಲಿ ಅಮೆರಿಕದ ತಜ್ಞರು ಒಂದು ಅಳತೆ ಕೊಟ್ಟರು: ಒಂದು ತಿಂಗಳಿಗೆ ಪರ್ಸಿಸ್ಟೆಂಟ್, ತಲೆಗೆ ಪೆಟ್ಟು ಬಿದ್ದು ಹಾಗಾಗಿದ್ದರೆ 12 ತಿಂಗಳು, ಬೇರೆ ಕಾರಣಕ್ಕಾದರೆ 3 ತಿಂಗಳು ಕಳೆದ ಮೇಲೆ ಪರ್ಮನೆಂಟ್. ನಮ್ಮ ಹಳದೀಪುರದ ಅರುಣಾ ಶಾನಭಾಗ, ಅವರೂ ನರ್ಸ್ ಅಲ್ವಾ, ಹಲ್ಲೆಯ ನಂತರ ದಶಕಗಳ ಕಾಲ ಇದೇ ಸ್ಥಿತಿಯಲ್ಲಿದ್ದವರು, ಅವರ ಪ್ರಕರಣದ 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಎರಡೂ ಪದ ಸಿಗುತ್ತವೆ. ಡಾಕ್ಟರ್ ಬಾಯಿಂದ ಬರುವವರೆಗೆ ಪರ್ಮನೆಂಟ್ ಅಂತ ನೀವಾಗಿ ಬರೆಯಬೇಡಿ.